ಎರಡನೇ ಪುಟದಲ್ಲಿ ಬಿದ್ದುಹೋಗುವ ಫ್ಯಾಕ್ಸ್

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಇವತ್ತು ಬೆಳಿಗ್ಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಅಡ್ವೈಸ್ ಸೇರಿದ ಇಡೀ ಕಟ್ಟು ಕುಶಾಲನಗರದಿಂದ ಜಪಾನಿಗೆ ಫ್ಯಾಕ್ಸಿನಲ್ಲಿ, ಒಂದೇ ಕಾಲ್‌ನಲ್ಲಿ ಹೋಯಿತು. ಯಾರೂ ಬಟನ್ ಒತ್ತಲಿಲ್ಲ, ಯಾರೂ ಯಂತ್ರದ ಮುಂದೆ ಕಾಯಲಿಲ್ಲ. ಅದೂ ಹತ್ತು ಗಂಟೆಗೆ, ಆಫೀಸಿನ ಫೋನು ಅತಿ ಜಾಸ್ತಿ ಬಡಿದುಕೊಳ್ಳುವ ಹೊತ್ತಿನಲ್ಲಿ. ಆ ಹೊತ್ತಿನ ಮಹತ್ವ ಏನು ಅಂತ ಮುಂದೆ ಹೇಳ್ತೀನಿ.

ಹೊಸಬರಿಗೆ ಎರಡು ಮಾತು. ನಮ್ಮ ಭಾವನ ಕಾಫಿ ಆಫೀಸು ಕೂಡ್ಲೂರು ಕೈಗಾರಿಕಾ ಬಡಾವಣೆಯಲ್ಲಿದೆ. ಅವರ ಜಪಾನಿನ ಗಿರಾಕಿಗೆ ಕಾಗದಪತ್ರ ಫ್ಯಾಕ್ಸಿನಲ್ಲೇ ಬರಬೇಕು. ಇಮೇಲ್ ಕಳಿಸಿದರೆ ವಿನಯದಿಂದ ಉತ್ತರ ಬರುತ್ತದೆ, ಕೊನೆಯ ಸಾಲಿನಲ್ಲಿ ಫ್ಯಾಕ್ಸ್ ನಂಬರ್ ಇರುತ್ತದೆ. ನಗಬೇಡಿ. 2021ರಲ್ಲಿ ಅಲ್ಲಿನ ಸಚಿವ ತಾರೊ ಕೊನೊ ಸರ್ಕಾರಿ ಕಚೇರಿಗಳಿಂದ ಫ್ಯಾಕ್ಸ್ ಓಡಿಸಲು ಹೊರಟಾಗ ಆ ಕಚೇರಿಗಳಿಂದಲೇ ನೂರಾರು ಆಕ್ಷೇಪ ಬಂತು. ಸಚಿವರಿಗೇ ಬಗ್ಗದ ಯಂತ್ರ ನಮ್ಮ ಭಾವನಿಗೆ ಬಗ್ಗುತ್ತಾ?

ಮಾಮೂಲಿ ಭಾಗವನ್ನು ಹಾರಿಸುತ್ತೇನೆ. ಡೆಬಿಯನ್ ಲಿನಕ್ಸ್ ಮೇಲೆ ಹೈಲಾಫ್ಯಾಕ್ಸ್ ಅನ್ನುವ ಫ್ಯಾಕ್ಸ್ ಸಾಫ್ಟ್‌ವೇರ್, ಫೋನ್ ಲೈನಿಗೆ ಸಿಕ್ಕಿಸುವ ಯುಎಸ್‌ಬಿ ಮೋಡೆಮ್, ಆಫೀಸಿನ ಕಂಪ್ಯೂಟರುಗಳು ಹಂಚಿಕೊಳ್ಳುವ ಸಾಂಬಾ ಫೋಲ್ಡರ್. ಲೆಕ್ಕದ ಸಾಫ್ಟ್‌ವೇರಿನಿಂದ ಪಿಡಿಎಫ್ ಆ ಫೋಲ್ಡರಿಗೆ ಬಿದ್ದ ತಕ್ಷಣ ಸ್ಕ್ರಿಪ್ಟ್ ಎದ್ದು ಹೈಲಾಫ್ಯಾಕ್ಸಿನ ಕಳಿಸುವ ಆಜ್ಞೆಯಾದ ಸೆಂಡ್‌ಫ್ಯಾಕ್ಸ್‌ಗೆ ಕೊಡುತ್ತದೆ. ಫೈಲ್ ಹುಟ್ಟಿದಾಗ ಅಲ್ಲ, ಬರೆದು ಮುಚ್ಚಿದಾಗ ಎಬ್ಬಿಸಿ. ಇಲ್ಲಾಂದ್ರೆ ಅರ್ಧ ಪಿಡಿಎಫ್ ಹೋಗುತ್ತದೆ. ನಮ್ಮ ಡಯಲ್ ಟೋನ್ ಮೋಡೆಮ್‌ಗೆ ಅರ್ಥವಾಗದಿದ್ದರೆ ಎಕ್ಸ್3 (ಟೋನಿಗೆ ಕಾಯದೆ ಡಯಲ್ ಮಾಡು ಅನ್ನುವ ಆಜ್ಞೆ) ಹಾಕಬೇಕು ಅನ್ನೋದು ನಿಮಗೆಲ್ಲ ಗೊತ್ತೇ ಇದೆ.

ಮೋಡೆಮ್ ತರಿಸಿದ ಕಥೆ ಮಾತ್ರ ಬೇರೆ. ಆನ್‌ಲೈನ್‌ನಲ್ಲಿ "ಹಾರ್ಡ್‌ವೇರ್ ಫ್ಯಾಕ್ಸ್ ಮೋಡೆಮ್" ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಬಂದದ್ದು ಡ್ರೈವರ್ ಇಲ್ಲದೆ ಉಸಿರೂ ಆಡದ ಸಾಫ್ಟ್ ಮೋಡೆಮ್. ವಾಪಸ್ ತಗೊಳ್ಳಿ ಅಂದರೆ, ನಿಮ್ಮ ಪಿನ್‌ಕೋಡಿಗೆ ಪಿಕಪ್ ಸೌಲಭ್ಯ ಇಲ್ಲ ಅಂದರು. ತಂದುಕೊಡೋಕೆ ಘಾಟಿ ಹತ್ತುತ್ತಾರೆ, ವಾಪಸ್ ಒಯ್ಯೋಕೆ ಮಾತ್ರ ರಸ್ತೆ ಇಲ್ಲವಂತೆ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ ಸರಿಯಾದದ್ದು ಸಿಕ್ಕಿತು. ಅಂಗಡಿಯವನು, "ಸಾರ್, ಇದನ್ನ ಮ್ಯೂಸಿಯಂಗೆ ತಗೊಳ್ತಿದ್ದೀರಾ?" ಅಂದ. ಕಳೆದ ಏಪ್ರಿಲ್‌ನ ಗುಡುಗಿಗೆ ಅದು ಸುಟ್ಟುಹೋಯಿತು. ಈಗಿರೋದು ಅದರ ತಮ್ಮ. ಫೋನ್ ತಂತಿಗೂ ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನೆ. ಕೊಡಗಿನಲ್ಲಿ ಮುಂಗಾರಿಗೆ ಮೊದಲು ಬರುವ ಸಿಡಿಲು ಕರೆಂಟಿನ ತಂತಿ, ಫೋನಿನ ತಂತಿ ಅಂತ ಭೇದ ಮಾಡಲ್ಲ.

ಕನ್ನಡದ್ದೂ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮಂಗಳೂರಿನ ಸಾಗಣೆ ಆಫೀಸಿಗೆ ಹೋಗುವ ಚೀಟಿ ಕನ್ನಡದಲ್ಲಿರುತ್ತದೆ. ಹೈಲಾಫ್ಯಾಕ್ಸಿಗೆ ಬರೀ ಟೆಕ್ಸ್ಟ್ ಫೈಲ್ ಕೊಟ್ಟರೆ ಕನ್ನಡ ಬರಲ್ಲ, ಲಿಬ್ರೆಆಫೀಸ್‌ನಿಂದ ಮೊದಲೇ ಪಿಡಿಎಫ್ ಮಾಡಿಕೊಳ್ಳಿ. ಆಮೇಲೆ ಫೈನ್ ಮೋಡ್ ಹಾಕಿ. ಸಾಮಾನ್ಯ ಮೋಡಿನಲ್ಲಿ ಉದ್ದಕ್ಕೆ ಇಂಚಿಗೆ 98 ಗೆರೆ, ಫೈನಿನಲ್ಲಿ 196. ಇಂಗ್ಲಿಷ್ ಅಕ್ಷರ 98ರಲ್ಲೂ ಬದುಕುತ್ತದೆ. ನಮ್ಮ ಒತ್ತಕ್ಷರ ಬದುಕಲ್ಲ. "ಮೆಣಸು ಹತ್ತು ಮೂಟೆ" ಅಂತ ಕಳಿಸಿದ್ದು ಆ ಕಡೆ "ಹತು"ವೋ "ಹತ್ತು"ವೋ ಗೊತ್ತಾಗದೆ ಫೋನ್ ಮಾಡಿ ಕೇಳಿದರು. ಫೋನ್ ಮಾಡೋದಾದರೆ ಫ್ಯಾಕ್ಸ್ ಯಾಕೆ ಅಂತ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಫಾಂಟಿನ ಅಳತೆಯನ್ನೂ 14 ಪಾಯಿಂಟಿಗೆ ಏರಿಸಿದೆ.

ಈಗ ಅಸಲಿ ತಲೆನೋವು. ಒಂದು ಪುಟದ ಫ್ಯಾಕ್ಸು ಹೆಚ್ಚು ಕಡಿಮೆ ಯಾವಾಗಲೂ ಹೋಗುತ್ತಿತ್ತು. ಜಪಾನಿನ ಕಟ್ಟು ಮಾತ್ರ ಎರಡನೇ ಪುಟದಲ್ಲೋ ಮೂರನೇ ಪುಟದಲ್ಲೋ ಬಿದ್ದುಹೋಗುತ್ತಿತ್ತು. ಲಾಗ್‌ನಲ್ಲಿ ಪ್ರತಿ ಸಲ ಅದೇ ಸಾಲು: ನೋ ರೆಸ್ಪಾನ್ಸ್ ಟು ಎಂಪಿಎಸ್ ರಿಪೀಟೆಡ್ 3 ಟ್ರೈಸ್. ಅಂದರೆ ಪುಟ ಕಳಿಸಿ ಆಯಿತು, "ಇನ್ನೊಂದಿದೆ, ಇದು ಸಿಕ್ತಾ?" ಅಂತ (ಅದೇ ಎಂಪಿಎಸ್) ಮೂರು ಸಲ ಕೇಳಿ ಆಯಿತು, ಆ ಕಡೆಯಿಂದ "ಸಿಕ್ತು" ಅನ್ನುವ ಉತ್ತರ, ಎಂಸಿಎಫ್, ಬರಲೇ ಇಲ್ಲ. ಹೈಲಾಫ್ಯಾಕ್ಸ್ ಸೋತು ಮತ್ತೆ ಡಯಲ್ ಮಾಡುತ್ತದೆ. ಪ್ರತಿ ಡಯಲ್‌ಗೂ ಐಎಸ್‌ಡಿ ಬಿಲ್. ಭಾವ ಬಿಲ್ಲನ್ನು ಮಡಚಿ ನನ್ನ ಕೀಬೋರ್ಡಿನ ಕೆಳಗೆ ಇಟ್ಟು ಹೋಗುತ್ತಿದ್ದರು.

ನಿಮಗೆ ಮೊದಲು ಬರುವ ಅನುಮಾನವೇ ನನಗೂ ಬಂತು. ಆಫೀಸಿನ ತಾಮ್ರದ ಲೈನ್ ತೆಗೆದು ಫೈಬರ್ ಕೊಟ್ಟಿದ್ದಾರೆ. ಗೋಡೆಯ ಮೇಲಿನ ಓಎನ್‌ಟಿ (ಫೈಬರ್ ಬಂದು ಸೇರುವ) ಡಬ್ಬಿಯ ಫೋನ್ ಪೋರ್ಟಿಗೆ ಮೋಡೆಮ್ ಸಿಕ್ಕಿಸಿದ್ದೇನೆ. ಅಂದರೆ ಮೋಡೆಮ್‌ನ ಕಿರುಚಾಟ ಪ್ಯಾಕೆಟ್ಟುಗಳಾಗಿ ಕತ್ತರಿಸಿ ಹೋಗುತ್ತದೆ. ಅಂಥ ಲೈನಿನಲ್ಲಿ ವಿ.17 ಅನ್ನುವ ಮೋಡೆಮ್ ಕ್ರಮದ ವೇಗ, ಸೆಕೆಂಡಿಗೆ 14,400 ಬಿಟ್, ಅತಿ ಆಸೆ. ವಿ.29ಕ್ಕೆ, 9,600ಕ್ಕೆ ಇಳಿಸಿದೆ. ಕಾಲ್ ಉದ್ದವಾಯಿತು, ಬೀಳೋದು ಇನ್ನೂ ಜಾಸ್ತಿಯಾಯಿತು! ಇಸಿಎಂ (ತಪ್ಪು ತಿದ್ದುವ ವ್ಯವಸ್ಥೆ) ತೆಗೆದೆ, ಹಾಕಿದೆ. ನಮ್ಮದು ಕ್ಲಾಸ್ 1 ಮೋಡೆಮ್, ಅದರಲ್ಲಿ ಟಿ.30ರ (ಎರಡು ಫ್ಯಾಕ್ಸ್‌ಗಳ ನಡುವಿನ) ಮಾತುಕತೆಯನ್ನೆಲ್ಲ ಕಂಪ್ಯೂಟರೇ ನಡೆಸಬೇಕು, ಹೈಲಾಫ್ಯಾಕ್ಸ್ ಕೂತಿರುವ ವರ್ಚುವಲ್ ಮಷೀನ್ ಎಲ್ಲೋ ತೂಕಡಿಸುತ್ತಿದೆ ಅಂದುಕೊಂಡು ಮೋಡೆಮ್ ಅನ್ನು ರಾಸ್ಪ್‌ಬೆರಿ ಪೈಗೆ ಎತ್ತಿ ಹಾಕಿದೆ. ಏನೂ ಬದಲಾಗಲಿಲ್ಲ. ಪೈ ಅಲ್ಲೇ ಉಳಿಯಿತು, ಅದಕ್ಕೆ ಬೇರೆ ಕೆಲಸ ಕಾದಿದೆ.

ಫೋನ್ ಕಂಪನಿಯ ಸಹಾಯವಾಣಿಗೂ ಮಾತಾಡಿದೆ. ಫ್ಯಾಕ್ಸ್ ಅಂದ ಕೂಡಲೇ ಆ ಕಡೆಯ ಹುಡುಗಿ, "ಸಾರ್, ರೂಟರ್ ಆಫ್ ಮಾಡಿ ಆನ್ ಮಾಡಿ" ಅಂದಳು. ಫ್ಯಾಕ್ಸನ್ನು ಪ್ಯಾಕೆಟ್ ಲೈನಿನಲ್ಲಿ ಸಾಗಿಸಲೆಂದೇ ಇರುವ ಟಿ.38 ಇದೆಯಾ ಅಂತ ಕೇಳಿದೆ. ಆ ಪ್ಲಾನ್ ಈಗ ಲಭ್ಯವಿಲ್ಲ ಅಂದಳು.

ಮಧ್ಯೆ ಒಂದು ವಿಚಿತ್ರ ಕಂಡಿತು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಒಂಬತ್ತಕ್ಕೆ ಆಫೀಸ್ ತೆರೆದರೆ ಇಲ್ಲಿ ಐದೂವರೆ, ಕೋಳಿ ಕೂಗುವ ಹೊತ್ತು. ಬಿದ್ದುಹೋದ ಕಟ್ಟನ್ನು ಸೆಂಡ್‌ಫ್ಯಾಕ್ಸಿನ ಮೈನಸ್ ಎ (ಇಂಥ ಹೊತ್ತಿಗೆ ಕಳಿಸು ಅನ್ನುವ ಆಯ್ಕೆ) ಕೊಟ್ಟು ಮಾರನೇ ದಿನ ಐದೂವರೆಗೆ ಇಟ್ಟರೆ, ಅದೇ ಮೋಡೆಮ್, ಅದೇ ಲೈನ್, 14,400ರಲ್ಲೇ ನುಣ್ಣಗೆ ಹೋಗುತ್ತಿತ್ತು. ಹಾಗಾದರೆ ಅದನ್ನೇ ಮಾಡು ಅನ್ನಬೇಡಿ. ಹಿಂದಿನ ದಿನದ ತೂಕದ ಲೆಕ್ಕ ಮುಗಿದು ಕಾಗದ ಸಹಿಯಾಗುವಾಗ ಬೆಳಿಗ್ಗೆ ಒಂಬತ್ತೂವರೆ. ಇಲ್ಲಿ ಮಧ್ಯಾಹ್ನ ಎರಡಾದರೆ ಅಲ್ಲಿ ಸಂಜೆ ಐದೂವರೆ, ಅವರು ಮನೆಗೆ ಹೊರಟಿರುತ್ತಾರೆ. ನಡುವಿನ ಆ ಕಿಂಡಿಯಲ್ಲೇ ಹೋಗಬೇಕು, ಆ ಕಿಂಡಿಯಲ್ಲೇ ಬೀಳುತ್ತಿತ್ತು.

ಹಗಲು ಲೈನಿನಲ್ಲಿ ಟ್ರಾಫಿಕ್ ಜಾಸ್ತಿ ಅಂತ ಸಿಸಿಟಿವಿ ಅಪ್‌ಲೋಡ್ ನಿಲ್ಲಿಸಿ ನೋಡಿದೆ. ಇಲ್ಲ.

ಬಾಗಿಲು ತೆರೆದವರು ಸುಂಟಿಕೊಪ್ಪ ಕಡೆಯ ಒಬ್ಬ ಹಿರಿಯ ಬೆಳೆಗಾರರು. ಚೆರಿ (ಒಣಗಿಸಿದ ಕಾಫಿ ಹಣ್ಣು) ಸ್ಯಾಂಪಲ್ ತಂದಿದ್ದರು, ಬಂದವರೇ ಭಾವನ ಮೇಲೆ ರೇಗಿದರು. "ಏನಪ್ಪಾ, ಬೆಳಿಗ್ಗೆಯಿಂದ ರೇಟ್ ಕೇಳೋಕೆ ಫೋನ್ ಮಾಡ್ತಿದ್ದೀನಿ. ರಿಂಗ್ ಹೋಗುತ್ತೆ, ಹೋಗುತ್ತೆ, ಒಬ್ರೂ ಎತ್ತಲ್ಲ!" ಭಾವ ನನ್ನ ಕಡೆ ಕೈ ತೋರಿಸಿ, "ಇವನ ಫ್ಯಾಕ್ಸ್ ನಡೀತಿತ್ತು ಅಂಕಲ್, ಲೈನ್ ಎಂಗೇಜ್" ಅಂದರು. ಅವರು ಬಿಡಲಿಲ್ಲ. "ಎಂಗೇಜ್ ಬಂದ್ರೆ ನಂಗೆ ಗೊತ್ತಾಗಲ್ವಾ? ರಿಂಗೇ ಹೋಗ್ತಿತ್ತು."

ಫ್ಯಾಕ್ಸ್ ನಡೆಯುತ್ತಿರುವ ಲೈನಿಗೆ ರಿಂಗ್ ಹೇಗೆ ಹೋಗುತ್ತದೆ?

ಕಾಲ್ ವೇಟಿಂಗ್. ತಾಮ್ರದ ಕಾಲದಲ್ಲಿ ನಾವು ಅದನ್ನು ಹಾಕಿಸಿಕೊಂಡಿರಲೇ ಇಲ್ಲ. ಫೈಬರ್ ಬಂದಾಗ ಕೇಳದೆಯೇ ಬಂದಿದೆ.

ತಕ್ಷಣ ಮೋಡೆಮ್‌ಗೆ ಎಂ2 ಕೊಟ್ಟು ಸ್ಪೀಕರ್ ಪೂರ್ತಿ ತೆರೆದೆ. ಕಾಲ್ ಮುಗಿಯುವ ತನಕ ಕಿರುಚಾಟ. ಲೆಕ್ಕ ಬರೆಯುವ ಅಕ್ಕ ಕಿವಿ ಮುಚ್ಚಿಕೊಂಡು ಕಣದ ಕಡೆ ಹೊರಟುಹೋದರು. ಮೊಬೈಲಿನಿಂದ ನಾನೇ ಲ್ಯಾಂಡ್‌ಲೈನಿಗೆ ರಿಂಗ್ ಕೊಟ್ಟೆ. ಪುಟ ಹೋಗುತ್ತಿರುವಾಗ ಏನೂ ಆಗಲಿಲ್ಲ. ಪುಟ ಮುಗಿದು ಒಂದು ಕ್ಷಣ ಮೌನವಾಯಿತು ನೋಡಿ, ಆಗ ಸ್ಪಷ್ಟವಾಗಿ: ಬೀಪ್-ಬೀಪ್. ಮತ್ತೆ ಎಂಪಿಎಸ್, ಮತ್ತೆ ಬೀಪ್. ಬಿತ್ತು!

ಒಂದೇ ಪುಟ ಯಾಕೆ ಬದುಕುತ್ತಿತ್ತು ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ಫ್ಯಾಕ್ಸ್ ಒಂದು ಹೊತ್ತಿಗೆ ಒಂದೇ ಕಡೆ ಮಾತಾಡುತ್ತದೆ. ಪುಟ ಕಳಿಸುವಾಗ ನಮ್ಮ ಮೋಡೆಮ್‌ನ ಕಿವಿ ಮುಚ್ಚಿರುತ್ತದೆ, ಬೀಪ್ ಬಂದರೂ ಚಿಂತೆ ಇಲ್ಲ. ಪುಟ ಮುಗಿದ ಮೇಲೆ ಅದು ಬಾಯಿ ಮುಚ್ಚಿ ಕಿವಿ ತೆರೆಯುತ್ತದೆ. ಎಂಸಿಎಫ್ ಬರೋದು ವಿ.21ರಲ್ಲಿ, ಸೆಕೆಂಡಿಗೆ 300 ಬಿಟ್, ಪುಟ್ಟ ಸಂದೇಶ. ಸರಿಯಾಗಿ ಆ ಹೊತ್ತಿಗೆ ಬೀಪ್ ಮೇಲೆ ಬಿದ್ದರೆ ಮುಗಿಯಿತು. ಎಷ್ಟು ಪುಟವೋ ಅಷ್ಟು ಸಲ ಕಿವಿ ತೆರೆಯಬೇಕು, ಅಷ್ಟು ಸಲ ಅಪಾಯ. ವೇಗ ಇಳಿಸಿದಾಗ ಹಾಳಾದದ್ದೂ ಇದಕ್ಕೇ: ಕಾಲ್ ಉದ್ದವಾದಷ್ಟೂ ನಡುವೆ ಫೋನ್ ಮಾಡುವವರು ಜಾಸ್ತಿ. ಹಳೇ ಲಾಗ್‌ಗಳನ್ನು ಕೆದಕಿದರೆ, ಗೆದ್ದ ಕಾಲ್‌ಗಳಲ್ಲೂ ಅಲ್ಲಲ್ಲಿ ಎಂಪಿಎಸ್ ಎರಡು ಸಲ ಹೋಗಿದೆ. ಅಂಚಿನಲ್ಲಿ ಪಾರಾದವು ಅವು.

ಫೋನ್ ಮಾಡುವವರು ಯಾರು ಅಂತ ಕೊಡಗಿನವರಿಗೆ ಹೇಳಬೇಕಾ? ಇದು ರೋಬಸ್ಟಾ ಕುಯ್ಲಿನ ಕಾಲ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಇಡೀ ಜಿಲ್ಲೆಗೆ ಒಂದೇ ಪ್ರಶ್ನೆ: "ಇವತ್ತು ಚೆರಿ 50 ಕೆಜಿಗೆ ಎಷ್ಟು? ಔಟ್‌ಟರ್ನ್ ಎಷ್ಟಕ್ಕೆ ಹಿಡೀತೀರಿ?" (ಔಟ್‌ಟರ್ನ್ ಅಂದರೆ ಚೆರಿಯಿಂದ ಸಿಗುವ ಕಾಫಿ ಬೀಜದ ಪ್ರಮಾಣ.) ಒಬ್ಬರು ಫೋನ್ ಇಟ್ಟರೆ ಇನ್ನೊಬ್ಬರು. ರೇಟ್ ಏರಿದ ದಿನ ಫ್ಯಾಕ್ಸ್ ಬೀಳೋದು ಜಾಸ್ತಿ. ನನ್ನ ಫೇಲ್ಯೂರ್ ಲಾಗ್ ನೋಡಿ ಮಾರುಕಟ್ಟೆ ಏರಿತ್ತಾ ಇಳಿದಿತ್ತಾ ಅಂತ ಹೇಳಬಹುದು. ಭಾವ ಈ ಮಾತಿಗೆ ನಗಲಿಲ್ಲ.

ತೆಗೆಸೋದು ಇನ್ನೊಂದು ಪುರಾಣ. ಸಹಾಯವಾಣಿ ಹೇಳಿದ ಕೋಡ್ ಒತ್ತಿದರೆ "ನೀವು ಡಯಲ್ ಮಾಡಿದ ಸಂಖ್ಯೆ ಪರಿಶೀಲಿಸಿ" ಅನ್ನುವ ಅಮ್ಮ ಬಂದರು. ಓಎನ್‌ಟಿಯ ಒಳಪುಟದಲ್ಲಿ ಕಾಲ್ ವೇಟಿಂಗ್‌ಗೆ ಒಂದು ಟಿಕ್ ಇದೆ. ಪಾಸ್‌ವರ್ಡ್ ಕೇಬಲ್ ಎಳೆದ ಹುಡುಗನ ಹತ್ತಿರ, ಹುಡುಗ ಯಾವುದೋ ಮದುವೆಯಲ್ಲಿ. ಸಿಕ್ಕಿದ ಮೇಲೆ ಟಿಕ್ ತೆಗೆದೆವು. ಫ್ಯಾಕ್ಸ್ ಹೋಯಿತು, ಲಾಡು ಹಂಚಿದೆವು. ಸಂಜೆ ಕರೆಂಟು ಹೋಗಿ ಬಂತು. ಡಬ್ಬಿ ಮತ್ತೆ ಎದ್ದು ಕಂಪನಿಯ ಸರ್ವರಿನಿಂದ ತನ್ನ ಸೆಟ್ಟಿಂಗ್ ಎಳೆದುಕೊಂಡಿತು, ಟಿಕ್ ವಾಪಸ್! ಲಾಡು ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ಕೊನೆಗೆ ಕೈ ಹಿಡಿದವರು ಹಳೇ ಲೈನ್‌ಮ್ಯಾನ್ ಅಣ್ಣ. ತಾಮ್ರದ ಕಾಲದವರು, ಯಾರನ್ನು ಕೇಳಬೇಕು ಅಂತ ಗೊತ್ತು. ಒಂದು ಕಾಫಿ ಕುಡಿದು ಒಂದು ಫೋನ್ ಮಾಡಿದರು, ಆ ಕಡೆಯಿಂದಲೇ ಸೌಲಭ್ಯ ಕಿತ್ತು ಹಾಕಿದರು. ಆಮೇಲೆ ನಾನೇ ಮೇನ್ ಸ್ವಿಚ್ ಇಳಿಸಿ ಏರಿಸಿ ನೋಡಿದೆ. ಟಿಕ್ ಇಲ್ಲ. ವೇಗ 14,400ಕ್ಕೆ ವಾಪಸ್, ಇಸಿಎಂ ಇದೆ. ಓಎನ್‌ಟಿ ಈಗ ಯುಪಿಎಸ್ ಮೇಲಿದೆ.

ಈಗ ಬೆಳೆಗಾರರಿಗೆ ಎಂಗೇಜ್ ಬರುತ್ತದೆ, ಹಾಗಾಗಿ ಅವರು ಮೊಬೈಲಿಗೇ ಮಾಡುತ್ತಾರೆ. ದಿನದ ರೇಟನ್ನು ಒಂದು ಗ್ರೂಪ್ ಮೆಸೇಜಿನಲ್ಲಿ ಹಾಕು ಅಂತ ಭಾವನಿಗೆ ಹೇಳಿದೆ. "ಫೋನ್ ಬಂದ್ರೇನೇ ವ್ಯಾಪಾರ" ಅಂದರು. ಸರಿ ಬಿಡಿ.

ಬಾಕಿ ಇರೋದು: ಹೈಲಾಫ್ಯಾಕ್ಸ್ ಮುಗಿದ ಕೆಲಸಗಳ ವಿವರ ಇಡುವ ಡನ್‌ಕ್ಯೂ ಓದಿ, ತಲುಪಿದ ಫ್ಯಾಕ್ಸಿನ ಎದುರು ಲೆಕ್ಕದ ಪುಸ್ತಕದಲ್ಲೇ ಗುರುತು ಬೀಳಬೇಕು. ಅದು ಮಳೆಗಾಲಕ್ಕೆ. ಅದಕ್ಕಿಂತ ಮೊದಲು ಆ ಪೈಗೆ ಕಾದಿರುವ ಕೆಲಸ: ತೋಟದ ಮಳೆ ಮಾಪಕ. ಅದರೊಳಗಿನ ಪುಟ್ಟ ಬಕೆಟ್ ತುಂಬಿ ಒಂದು ಸಲ ಮಗುಚಿದರೆ 0.2 ಮಿ.ಮೀ. ಮಳೆ. ನಮ್ಮವರಿಗೆ ಮಿ.ಮೀ. ಬೇಡ, ಇಂಚು, ಸೆಂಟಿನಲ್ಲೇ (ಇಂಚಿನ ನೂರನೇ ಒಂದು ಭಾಗ) ಬೇಕು. 127 ಸಲ ಮಗುಚಿದರೆ ಒಂದು ಇಂಚು, ಲೆಕ್ಕ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ. ತೋಟದಿಂದ ಮನೆಗೆ ಲೋರಾ ರೇಡಿಯೊ, 865ರಿಂದ 867 ಮೆಗಾಹರ್ಟ್ಸ್, ಲೈಸೆನ್ಸ್ ಬೇಡ. ಸಿಲ್ವರ್ ಓಕ್ ಮರಗಳ ನಡುವೆ ಎಷ್ಟು ದೂರ ಮುಟ್ಟುತ್ತದೆ ಅನ್ನೋದೇ ಪರೀಕ್ಷೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬೀಳುವ ಮುಂಚೆ ಬಕೆಟ್ ಕಂಬದ ಮೇಲಿರಬೇಕು. ಕಣಜ ಗೂಡು ಕಟ್ಟದ ಹಾಗೆ ಕೊಳವೆಯ ಬಾಯಿಗೆ ಯಾವ ಜಾಲರಿ ಹಾಕಿದ್ದೀರಿ, ಗೊತ್ತಿದ್ದವರು ಹೇಳಿ.