ಗವರ್ನರ್ ಅಂದರೆ ರಾಜ್ಯಪಾಲರಲ್ಲ: ಅಮೆರಿಕದ ಚುನಾವಣಾ ಸುದ್ದಿ ಓದುವವರಿಗೆ

‘ಟೆಕ್ಸಾಸ್ ರಾಜ್ಯಪಾಲರು ಮಸೂದೆಗೆ ಸಹಿ ಹಾಕಿದರು’ ಎಂಬ ಸಾಲನ್ನು ಬಳ್ಳಾರಿಯಲ್ಲಿ ಕೂತು ಓದಿದರೆ ಕಣ್ಮುಂದೆ ಬರುವುದು ದೆಹಲಿಯಿಂದ ನೇಮಕವಾಗಿ ಬಂದು, ಅಧಿವೇಶನದ ಮೊದಲ ದಿನ ಭಾಷಣ ಓದುವ ಹಿರಿಯರು. ಅಮೆರಿಕದ ಗವರ್ನರನ್ನು ಆಯಾ ರಾಜ್ಯದ ಜನರೇ ಓಟು ಹಾಕಿ ಆರಿಸುತ್ತಾರೆ. ಅಧ್ಯಕ್ಷರಿಗೂ ಅವರನ್ನು ತೆಗೆಯುವ ಅಧಿಕಾರವಿಲ್ಲ. ನಮ್ಮ ಮುಖ್ಯಮಂತ್ರಿ ಅಂದುಕೊಂಡರೆ ಮುಕ್ಕಾಲು ಪಾಲು ಸರಿ. ಉಳಿದ ಕಾಲುಪಾಲು ಏನೆಂದರೆ, ಶಾಸನಸಭೆಯಲ್ಲಿ ಎದುರು ಪಕ್ಷಕ್ಕೆ ಬಹುಮತವಿದ್ದರೂ ಅವರ ಕುರ್ಚಿ ಅಲುಗಾಡುವುದಿಲ್ಲ.

ನಮಗೆ ಗೊತ್ತು ಅನ್ನಿಸುವ ಇಂಥ ಪದಗಳೇ ಹೆಚ್ಚು ದಾರಿ ತಪ್ಪಿಸುತ್ತವೆ. ‘ಸೆಕ್ರೆಟರಿ’ ಇನ್ನೊಂದು. ಅದನ್ನು ಕಾರ್ಯದರ್ಶಿ ಎಂದು ಅನುವಾದಿಸಿದ ಕೂಡಲೇ ಒಬ್ಬ ಐಎಎಸ್ ಅಧಿಕಾರಿ ನೆನಪಾಗುತ್ತಾರೆ. ಅಲ್ಲಿ ಸೆಕ್ರೆಟರಿ ಅಂದರೆ ಸಚಿವರು. ಸೆಕ್ರೆಟರಿ ಆಫ್ ಸ್ಟೇಟ್ ವಿದೇಶಾಂಗ ಸಚಿವರು. ಆದರೆ ‘ಜಾರ್ಜಿಯಾದ ಸೆಕ್ರೆಟರಿ ಆಫ್ ಸ್ಟೇಟ್’ ಎಂದು ಬಂದರೆ ಅದು ಬೇರೆಯೇ ಹುದ್ದೆ: ರಾಜ್ಯ ಮಟ್ಟದಲ್ಲಿ ಚುನಾವಣೆಯ ಉಸ್ತುವಾರಿ ನೋಡುವವರು. ಹಲವು ರಾಜ್ಯಗಳಲ್ಲಿ ಈ ಹುದ್ದೆಗೂ ಪಕ್ಷದ ಟಿಕೆಟ್ ಮೇಲೆ ನಿಂತು ಗೆದ್ದು ಬರುತ್ತಾರೆ. ಚುನಾವಣೆ ನಡೆಸುವವರೇ ಚುನಾವಣೆಗೆ ನಿಲ್ಲುವುದು ನಮಗೆ ವಿಚಿತ್ರ, ಅವರಿಗೆ ಮಾಮೂಲು.

ಇನ್ನು ಟಿಕೆಟ್. ನಮ್ಮ ಕಡೆ ಟಿಕೆಟ್ ಅಂದರೆ ಬಿ ಫಾರಂ. ಹೈಕಮಾಂಡ್ ಕೊಟ್ಟರೆ ಉಂಟು, ಇಲ್ಲದಿದ್ದರೆ ಬಂಡಾಯ. ಅಲ್ಲಿ ಅದನ್ನು ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಚುನಾವಣೆಯಲ್ಲಿ, ಮತದಾರರೇ ಹಂಚುತ್ತಾರೆ. ಮತದಾರರಾಗಿ ನೋಂದಾಯಿಸಿಕೊಳ್ಳುವಾಗ ಅನೇಕ ರಾಜ್ಯಗಳ ಅರ್ಜಿಯಲ್ಲಿ ‘ನಿಮ್ಮ ಪಕ್ಷ ಯಾವುದು’ ಎಂದು ಕೇಳುತ್ತಾರೆ. ಅದು ಪಕ್ಷದ ಸದಸ್ಯತ್ವ ಅಭಿಯಾನವಲ್ಲ, ಸರ್ಕಾರಿ ದಾಖಲೆ. ಪೆನ್ಸಿಲ್ವೇನಿಯಾ, ಫ್ಲೋರಿಡಾಗಳಲ್ಲಿ ಪ್ರೈಮರಿ ‘ಕ್ಲೋಸ್ಡ್’: ಆ ಪಕ್ಷದಡಿ ನೋಂದಾಯಿಸಿಕೊಂಡವರಿಗೆ ಮಾತ್ರ ಅದರ ಅಭ್ಯರ್ಥಿ ಆಯ್ಕೆಯಲ್ಲಿ ಓಟು. ಟೆಕ್ಸಾಸ್‌ನಲ್ಲಿ ‘ಓಪನ್’: ಯಾವ ಪಕ್ಷದ ಪ್ರೈಮರಿಗೆ ಹೋಗಬೇಕೆಂದು ಮತದಾರರು ಆ ದಿನವೇ ತೀರ್ಮಾನಿಸಬಹುದು. ಹೊಸದಾಗಿ ಪೌರತ್ವ ಪಡೆದ ನಮ್ಮವರು ‘ಯಾವ ಪಕ್ಷವೂ ಬೇಡ’ ಎಂದು ಬರೆದುಬಿಟ್ಟು, ಕ್ಲೋಸ್ಡ್ ಪ್ರೈಮರಿಯ ದಿನ ಓಟಿಲ್ಲದೆ ವಾಪಸಾಗುವುದು ಇಲ್ಲಿಯೇ. ಪಕ್ಷ ಬದಲಿಸಲು ಕೊನೇ ದಿನಾಂಕ ಒಂದಿರುತ್ತದೆ, ಅದು ಮತದಾನಕ್ಕೆ ಮೊದಲೇ ಮುಗಿದಿರುತ್ತದೆ.

ಹೈಕಮಾಂಡ್ ಕೈ ಸಡಿಲವಾಗಿರುವುದರಿಂದ ವಿಪ್‌ಗೂ ಹಲ್ಲಿಲ್ಲ. ನಮ್ಮಲ್ಲಿ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆಯಂಥದ್ದು ಅಲ್ಲಿಲ್ಲ. ಸ್ವಂತ ಪಕ್ಷದ ವಿರುದ್ಧ ಓಟು ಹಾಕಿದರೂ ಸೀಟು ಹೋಗದು. ಅವಿಶ್ವಾಸ ನಿರ್ಣಯ ತಂದು ಅಧ್ಯಕ್ಷರನ್ನು ಕೆಳಗಿಳಿಸುವ ದಾರಿಯೂ ಇಲ್ಲ, ಹಾಗಾಗಿ ರೆಸಾರ್ಟ್‌ಗೂ ಕೆಲಸವಿಲ್ಲ. ಅಲ್ಲಿ ‘ಸರ್ಕಾರ ಬಂದ್’ ಆಗುತ್ತದೆ, ಬೀಳುವುದಿಲ್ಲ. ಅಕ್ಟೋಬರ್ 1ಕ್ಕೆ ಶುರುವಾಗುವ ಹಣಕಾಸು ವರ್ಷಕ್ಕೆ ಕಾಂಗ್ರೆಸ್ ಖರ್ಚಿನ ಒಪ್ಪಿಗೆ ಕೊಡದಿದ್ದರೆ ಕಚೇರಿಗಳು ಮುಚ್ಚುತ್ತವೆ, ಸಂಬಳ ನಿಲ್ಲುತ್ತದೆ. 2018–19ರಲ್ಲಿ 35 ದಿನ ಹೀಗಾಯಿತು. ಅಷ್ಟು ದಿನವೂ ಅಧ್ಯಕ್ಷರು ಅಧ್ಯಕ್ಷರೇ. ಅಂದಹಾಗೆ ಇಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು, ಪಕ್ಷವಲ್ಲ. ‘ಕಾಂಗ್ರೆಸ್‌ನಲ್ಲಿ ಟ್ರಂಪ್‌ಗೆ ಬೆಂಬಲ’ ಎಂಬ ತಲೆಬರಹ ನೋಡಿ ಯಾರೂ ಹೌಹಾರಬೇಕಿಲ್ಲ.

1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಹೊರಗಿನಿಂದ ಬಂದು ಬಳ್ಳಾರಿಯಲ್ಲಿ ಸೆಣಸಿದ್ದನ್ನು ಈ ಜಿಲ್ಲೆ ಮರೆತಿಲ್ಲ. ಅಮೆರಿಕದ ಸಂವಿಧಾನದಲ್ಲಿ ಅದಕ್ಕೆ ಅವಕಾಶವಿಲ್ಲ. ಯಾವ ರಾಜ್ಯದಿಂದ ಗೆಲ್ಲುತ್ತೀರೋ ಗೆಲ್ಲುವ ಹೊತ್ತಿಗೆ ಆ ರಾಜ್ಯದ ನಿವಾಸಿಯಾಗಿರಬೇಕು. ಅದೇ ಕ್ಷೇತ್ರದಲ್ಲೇ ಮನೆ ಇರಬೇಕೆಂದು ಮಾತ್ರ ಸಂವಿಧಾನ ಹೇಳುವುದಿಲ್ಲ.

ಈಗ ಎಲೆಕ್ಟೋರಲ್ ಕಾಲೇಜ್, ಅಂದರೆ ಅಧ್ಯಕ್ಷರನ್ನು ಆರಿಸುವ ‘ಎಲೆಕ್ಟರ್’ಗಳ ಮಂಡಲ. ನಮ್ಮ ರಾಷ್ಟ್ರಪತಿಯನ್ನು ಆರಿಸುವ ಮತದಾರ ಮಂಡಲದಲ್ಲಿ ಇರುವುದು ಸಂಸದರು, ಶಾಸಕರು. ಅಲ್ಲಿ ಕಾಂಗ್ರೆಸ್ ಸದಸ್ಯರು ಎಲೆಕ್ಟರ್ ಆಗುವಂತೆಯೇ ಇಲ್ಲ. ಒಟ್ಟು ಎಲೆಕ್ಟರುಗಳು 538, ಗೆಲ್ಲಲು 270. ಕೆಳಮನೆಯಾದ ಹೌಸ್‌ನಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸೀಟೋ ಅದಕ್ಕೆ ಸೆನೆಟ್‌ನ 2 ಸೇರಿಸಿದರೆ ಆ ರಾಜ್ಯದ ಪಾಲು. ಕ್ಯಾಲಿಫೋರ್ನಿಯಾಕ್ಕೆ 52 ಮತ್ತು 2, ಅಂದರೆ 54. ವಯೋಮಿಂಗ್‌ಗೆ 1 ಮತ್ತು 2, ಅಂದರೆ 3. ರಾಜ್ಯವಲ್ಲದ ರಾಜಧಾನಿ ವಾಷಿಂಗ್ಟನ್ ಡಿಸಿಗೂ 3. ವಯೋಮಿಂಗ್‌ನ ಜನಸಂಖ್ಯೆ 2020ರ ಗಣತಿಯಂತೆ ಸುಮಾರು 5.77 ಲಕ್ಷ. ಕೊಪ್ಪಳ ಜಿಲ್ಲೆಯಲ್ಲಿ 2011ರಲ್ಲೇ 13.9 ಲಕ್ಷ ಜನ ಇದ್ದರು. ಕೊಪ್ಪಳದ ಅರ್ಧದಷ್ಟೂ ಜನರಿಲ್ಲದ ರಾಜ್ಯಕ್ಕೂ ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಸೆನೆಟ್‌ನಲ್ಲಿ ಸಮ ಪಾಲು.

‘ಹೆಚ್ಚು ಓಟು ಬಿದ್ದವರು ಹೇಗೆ ಸೋತರು?’ ಎಂಬ ಪ್ರಶ್ನೆಗೆ ನಮ್ಮ ಮೂರು ಜಿಲ್ಲೆಗಳನ್ನೇ ಮೂರು ರಾಜ್ಯ ಅಂದುಕೊಂಡು ಲೆಕ್ಕ ಹಾಕಿ. ಬಳ್ಳಾರಿಗೆ 10 ಎಲೆಕ್ಟರ್, ರಾಯಚೂರಿಗೆ 8, ಕೊಪ್ಪಳಕ್ಕೆ 7. ಒಟ್ಟು 25, ಗೆಲ್ಲಲು 13. ಒಬ್ಬರು ಬಳ್ಳಾರಿಯಲ್ಲಿ 2 ಲಕ್ಷ ಓಟಿನಿಂದ ಗೆದ್ದರು. ಎದುರಾಳಿ ರಾಯಚೂರಿನಲ್ಲಿ 500, ಕೊಪ್ಪಳದಲ್ಲಿ 500 ಓಟಿನಿಂದ ಗೆದ್ದರು. ಜನರ ಓಟು ಕೂಡಿದರೆ ಮೊದಲಿನವರು 1,99,000 ಮುಂದೆ. ಎಲೆಕ್ಟರುಗಳನ್ನು ಕೂಡಿದರೆ ಎದುರಾಳಿಗೆ 15, ಅವರಿಗೆ 10. ಗೆದ್ದವರಿಗೆ ಇಡೀ ರಾಜ್ಯ ಎಂಬ ಈ ನಿಯಮ 48 ರಾಜ್ಯಗಳಲ್ಲೂ ಡಿಸಿಯಲ್ಲೂ ಇದೆ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಕ್ಷೇತ್ರವಾರು ಹಂಚುತ್ತವೆ. 2000ನೇ ಇಸವಿಯಲ್ಲಿ ಫ್ಲೋರಿಡಾದಲ್ಲಿ ಬುಷ್ ಮುಂದಿದ್ದದ್ದು ಬರೀ 537 ಓಟು. ಅಷ್ಟಕ್ಕೇ ಆ ರಾಜ್ಯದ 25 ಎಲೆಕ್ಟರುಗಳೂ ಅವರ ಪಾಲಾಗಿ, ದೇಶದಲ್ಲಿ ಹೆಚ್ಚು ಓಟು ಪಡೆದ ಅಲ್ ಗೋರ್ ಸೋತರು. ಪ್ರಚಾರವೆಲ್ಲ ಪೆನ್ಸಿಲ್ವೇನಿಯಾ, ಮಿಷಿಗನ್‌ನಂಥ ಕೆಲವೇ ರಾಜ್ಯಗಳನ್ನು ಸುತ್ತುವುದು ಇದಕ್ಕೇ. ಹೀಗೆ ಯಾವ ಕಡೆಗಾದರೂ ವಾಲಬಹುದಾದ ರಾಜ್ಯವೇ ‘ಸ್ವಿಂಗ್ ಸ್ಟೇಟ್’.

ಮತಪತ್ರವನ್ನು ಹತ್ತಿರದಿಂದ ನೋಡೋಣ. ನಮ್ಮದು ಒಂದು ಗುಂಡಿ, ಒಂದು ಬೀಪ್, ಮುಗಿಯಿತು. ಅವರದು ಹೆಚ್ಚಿನ ಕಡೆ ಕಾಗದ, ಎರಡೂ ಬದಿ ಅಚ್ಚಾಗಿರುವುದು ಅಪರೂಪವಲ್ಲ: ಅಧ್ಯಕ್ಷರು, ಸೆನೆಟರ್, ಹೌಸ್ ಸದಸ್ಯರು, ಶೆರಿಫ್, ಕೆಲವೆಡೆ ನ್ಯಾಯಾಧೀಶರು, ಶಾಲಾ ಮಂಡಳಿ, ಕೊನೆಗೆ ತೆರಿಗೆ ಏರಿಸಬೇಕೋ ಬೇಡವೋ ಎಂಬ ಪ್ರಶ್ನೆಗಳು. ಸಿಇಟಿಯ ಓಎಂಆರ್ ಹಾಳೆಯಂತೆ ಹೆಸರಿನ ಪಕ್ಕದ ವೃತ್ತವನ್ನು ಪೂರ್ತಿ ತುಂಬಬೇಕು. ಒಬ್ಬರನ್ನೇ ಆರಿಸಬೇಕಾದಲ್ಲಿ ಎರಡು ತುಂಬಿದರೆ ‘ಓವರ್‌ವೋಟ್’: ಆ ಹುದ್ದೆಯ ಓಟು ಮಾತ್ರ ರದ್ದು, ಹಾಳೆಯ ಉಳಿದ ಓಟುಗಳು ಲೆಕ್ಕಕ್ಕೆ ಬರುತ್ತವೆ. ಖಾಲಿ ಬಿಟ್ಟರೆ ‘ಅಂಡರ್‌ವೋಟ್’, ತಪ್ಪೇನಲ್ಲ. ನೋಟಾ ಹುಡುಕಬೇಡಿ, ಅಂಥ ಆಯ್ಕೆ ಇರುವುದು ನೆವಾಡಾದಲ್ಲಿ. ಅಂಚೆಯಲ್ಲಿ ಕಳಿಸುವ ಓಟು ಕೆಡುವುದು ಬಹುಪಾಲು ಲಕೋಟೆಯ ಮೇಲೆ: ಸಹಿ ಮರೆತಿರುತ್ತಾರೆ, ಇಲ್ಲವೇ ದಾಖಲೆಯಲ್ಲಿರುವ ಸಹಿಗೆ ಅದು ಹೊಂದುವುದಿಲ್ಲ. ಎಷ್ಟೋ ರಾಜ್ಯಗಳಲ್ಲಿ ಮತದಾರರಿಗೆ ತಿಳಿಸಿ ಸರಿಪಡಿಸಲು ಗಡುವು ಕೊಡುತ್ತಾರೆ. ಅದಕ್ಕೆ ‘ಕ್ಯೂರ್’ ಎನ್ನುತ್ತಾರೆ. ಪಟ್ಟಿಯಲ್ಲಿ ಹೆಸರು ಸಿಗದಿದ್ದರೆ ‘ಪ್ರೊವಿಷನಲ್ ಬ್ಯಾಲೆಟ್’ ಕೇಳಬಹುದು. ಇದನ್ನು ನಮ್ಮ ಟೆಂಡರ್ ವೋಟ್ ಜೊತೆ ಬೆರೆಸಬಾರದು. ಟೆಂಡರ್ ವೋಟ್ ನಮ್ಮ ಹೆಸರಲ್ಲಿ ಬೇರೆ ಯಾರೋ ಓಟು ಹಾಕಿ ಹೋಗಿದ್ದಾಗ ಸಿಗುವುದು. ಪ್ರೊವಿಷನಲ್ ಓಟನ್ನು ಬೇರೆ ಇಟ್ಟು, ಅರ್ಹತೆ ಖಾತ್ರಿಯಾದ ಮೇಲೆ ಎಣಿಸುತ್ತಾರೆ.

ಮಿಕ್ಕವನ್ನು ಬೇಗ ಮುಗಿಸುತ್ತೇನೆ. ‘ಇಂಪೀಚ್’ ಆದರು ಅಂದರೆ ವಜಾ ಆದರು ಅಂತಲ್ಲ. ಅದು ಹೌಸ್ ಹೊರಿಸುವ ದೋಷಾರೋಪ. ವಜಾ ಮಾಡಲು ಸೆನೆಟ್‌ನಲ್ಲಿ ಮೂರನೇ ಎರಡು ಬಹುಮತ ಬೇಕು, ಈವರೆಗೆ ಯಾವ ಅಧ್ಯಕ್ಷರೂ ಹಾಗೆ ಹೋಗಿಲ್ಲ. ‘ಫಿಲಿಬಸ್ಟರ್’ ಸೆನೆಟ್‌ನಲ್ಲಿ ಚರ್ಚೆ ಮುಗಿಯಗೊಡದ ತಂತ್ರ. ಅದನ್ನು ಮುರಿಯಲು 100ರಲ್ಲಿ 60 ಓಟು ಬೇಕಾದ್ದರಿಂದ 53 ಸೀಟಿನ ‘ಬಹುಮತ’ವೂ ಎಷ್ಟೋ ಮಸೂದೆಗಳಿಗೆ ಸಾಲದು. ‘ಟೇಬಲ್’ ಮಾಡಿದರು ಎಂದರೆ ನಮ್ಮಲ್ಲಿ ಮಂಡಿಸಿದರು, ಅಲ್ಲಿ ಬದಿಗೆ ಸರಿಸಿದರು. ಒಂದೇ ಪದಕ್ಕೆ ತದ್ವಿರುದ್ಧ ಅರ್ಥ, ಅನುವಾದಕರು ಮುಗ್ಗರಿಸುವ ಜಾಗ. ‘ಗೆರಿಮ್ಯಾಂಡರಿಂಗ್’ ಕ್ಷೇತ್ರದ ಗಡಿಯನ್ನು ಸ್ವಂತ ಪಕ್ಷಕ್ಕೆ ಅನುಕೂಲವಾಗುವಂತೆ ಎಳೆಯುವುದು. ಬಹಳ ರಾಜ್ಯಗಳಲ್ಲಿ ಗಡಿ ಬರೆಯುವುದು ಶಾಸಕಾಂಗವೇ, ನಮ್ಮಂತೆ ಕ್ಷೇತ್ರ ಪುನರ್ವಿಂಗಡಣಾ ಆಯೋಗವಲ್ಲ.

ಫಲಿತಾಂಶ ನೋಡುವವರಿಗೆ ಒಂದು ಮಾತು. ದೇಶಕ್ಕೆಲ್ಲ ಒಂದೇ ಚುನಾವಣಾ ಆಯೋಗ ಅಲ್ಲಿಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ನೋಡುವುದು ಪ್ರಚಾರದ ಹಣದ ಲೆಕ್ಕ, ಓಟಿನ ಲೆಕ್ಕವಲ್ಲ. ಮತದಾನ ನವೆಂಬರ್‌ನ ಮೊದಲ ಸೋಮವಾರದ ನಂತರ ಬರುವ ಮಂಗಳವಾರ. ಪೂರ್ವದ ರಾಜ್ಯಗಳಲ್ಲಿ ಸಂಜೆ 7ಕ್ಕೆ ಮತಗಟ್ಟೆ ಮುಚ್ಚಿದರೆ ನಮಗೆ ಸಾಮಾನ್ಯವಾಗಿ ಬುಧವಾರ ಬೆಳಗಿನ 5:30, ಕ್ಯಾಲಿಫೋರ್ನಿಯಾದ ರಾತ್ರಿ 8 ನಮಗೆ 9:30. ಟಿವಿಯಲ್ಲಿ ಬರುವ ‘ಗೆದ್ದರು’ ಸುದ್ದಿಸಂಸ್ಥೆಗಳ ಅಂದಾಜು, ಅಧಿಕೃತ ದೃಢೀಕರಣಕ್ಕೆ ವಾರಗಳು ಹಿಡಿಯುತ್ತವೆ. ಅಂಚೆ ಓಟುಗಳನ್ನು ಕೆಲವು ರಾಜ್ಯಗಳು ತಡವಾಗಿ ಎಣಿಸುವುದರಿಂದ ಬುಧವಾರ ಮುಂದಿದ್ದವರು ಶುಕ್ರವಾರ ಹಿಂದೆ ಬೀಳಬಹುದು. 2020ರಲ್ಲಿ ಮಂಗಳವಾರ ಮತದಾನವಾಗಿ, ಬೈಡನ್ ಗೆಲುವನ್ನು ಸುದ್ದಿಸಂಸ್ಥೆಗಳು ಸಾರಿದ್ದು ಶನಿವಾರ. ಎಲೆಕ್ಟರುಗಳು ಓಟು ಹಾಕುವುದು ಡಿಸೆಂಬರ್‌ನಲ್ಲಿ, ಕಾಂಗ್ರೆಸ್ ಅದನ್ನು ಎಣಿಸುವುದು ಜನವರಿ 6ಕ್ಕೆ, ಪ್ರಮಾಣವಚನ ಜನವರಿ 20ರ ಮಧ್ಯಾಹ್ನ. ಆಗ ನಮ್ಮಲ್ಲಿ ರಾತ್ರಿ 10:30.