ಅವ್ವನ ದಿನ ಬಿಟ್ಟು ದಿನದ ಗುಳಿಗಿ

ದೀಪಾವಳಿಗೆ ಇಂಡಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅವ್ವನ ಶುಗರ್ ಗುಳಿಗಿ ಡಬ್ಬಿ ತೆಗೆದರೆ ಲೆಕ್ಕ ಕೂಡಲಿಲ್ಲ. ಯಾವಾಗಲೋ ಮುಗಿದಿರಬೇಕಾದ ಗುಳಿಗಿ ಇನ್ನೂ ಒಂದು ಪಟ್ಟಿ ಉಳಿದಿತ್ತು.

"ಏನವ್ವಾ ಇದು?"

"ದಿನಾ ಬಿಟ್ಟು ದಿನಾ ತಗೋತೀನಿ. ಮೈ ಹಗುರ ಅದ, ಸುಮ್ನೆ ಯಾಕ ದಿನಾ ನುಂಗೂದು?"

ರೊಕ್ಕ ಉಳಿಸುವ ಉಪಾಯ ಅಂತ ಅಪ್ಪ ಆಮೇಲೆ ಬಾಯಿಬಿಟ್ಟರು. ರಕ್ತ ತಪಾಸಿಸಿದರೆ ಶುಗರ್ ಜಾಸ್ತಿಯೇ ಇತ್ತು.

ಹಬ್ಬ ಮುಗಿದ ಮೇಲೆ ವಿಜಯಪುರಕ್ಕೆ ಹೊರಟೆವು. ಅಪ್ಪ ಎರಡು ಚೀಲ ನಿಂಬೆಯನ್ನೂ ಹಾಕಿಕೊಂಡರು. ಹರಾಜಿನ ಸವಾಲಿನಲ್ಲಿ ರೇಟು ಬಿದ್ದಿತ್ತು, ಕೊಟ್ಟಷ್ಟು ಇಸಿದುಕೊಂಡರು. ಅಲ್ಲಿಂದ ಮೆಡಿಕಲ್ ಅಂಗಡಿ. ಅಂಗಡಿಯವರು ಬಿಡಿಸಿ ಹೇಳಿದರು: ಅವ್ವನದು ಎರಡು ಔಷಧ ಕೂಡಿಸಿದ ಗುಳಿಗಿ. ಬರೀ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಔಷಧ ಆಗಿದ್ದರೆ ಸರ್ಕಾರ ಕಟ್ಟಿದ ಮಿತಿ ಬೆಲೆ ಇದೆ, ಅದಕ್ಕಿಂತ ಜಾಸ್ತಿಗೆ ಮಾರುವಂತಿಲ್ಲ. ಕೂಡಿಸಿದ್ದಕ್ಕೆ ಆ ಮಿತಿ ಹತ್ತುವುದಿಲ್ಲ. ಹೀಗೆ ಸರ್ಕಾರದ ಮಿತಿ ಬೆಲೆಯ ಪಟ್ಟಿಗೆ ಸೇರದ ಔಷಧದ ಬೆಲೆಯನ್ನು ಕಂಪನಿ ವರ್ಷಕ್ಕೆ 10% ತನಕ ಏರಿಸಬಹುದು.

ಮಿತಿಯೂ ಅಷ್ಟೇನು ಗಟ್ಟಿಯಲ್ಲ ಅಂತ ಓದಿ ತಿಳಿದಿದ್ದೆ. 1979ರಲ್ಲಿ 347 ಔಷಧಗಳ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. 1987ಕ್ಕೆ 142, 1995ಕ್ಕೆ 74. 2013ರಲ್ಲಿ ಪಟ್ಟಿ ದೊಡ್ಡದಾಯಿತು, ಆದರೆ ಲೆಕ್ಕವೇ ಬದಲಾಯಿತು. ಮೊದಲು ಗುಳಿಗಿ ಮಾಡಲು ಎಷ್ಟು ಖರ್ಚು ಅಂತ ನೋಡುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ಕನಿಷ್ಠ 1% ಪಾಲು ಇರುವ ಬ್ರ್ಯಾಂಡುಗಳ ಬೆಲೆಯ ಸರಾಸರಿ ತೆಗೆದು, ಅಂಗಡಿಯವರ ಲಾಭ ಅಂತ 16% ಸೇರಿಸುತ್ತಾರೆ. ತುಟ್ಟಿ ಇರುವುದರ ಸರಾಸರಿ ತುಟ್ಟಿಯೇ ಆಗುತ್ತದೆ, ಅಲ್ವಾ?

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಖಾಲಿ ಚೀಲ ಮಡಚುತ್ತಿದ್ದರು. "ನಮ್ಮ ನಿಂಬಿಗೂ ಅವರೇ ರೇಟ್ ಹೇಳ್ತಾರ, ನಾವು ನುಂಗೂ ಗುಳಿಗಿಗೂ ಅವರೇ ಹೇಳ್ತಾರ. ನಾವು ಹೇಳೂದು ಯಾವುದಕ್ಕ?"

ಡಾಕ್ಟರ್ ಹತ್ತಿರ ಹೋಗಿ ಬ್ರ್ಯಾಂಡ್ ಬಿಟ್ಟು ಔಷಧದ ಹೆಸರನ್ನೇ ಬರೆಸಿಕೊಂಡೆವು. ಜನೌಷಧಿ ಕೇಂದ್ರದಲ್ಲಿ ಅದೇ ಗುಳಿಗಿ ಸಿಕ್ಕಿತು. ಹೊರಗೆ ಹತ್ತು ಗುಳಿಗಿಗೆ ತೊಂಬತ್ತು ರೂಪಾಯಿ ಮೇಲೆ ಕೊಡುತ್ತಿದ್ದೆವು, ಇಲ್ಲಿ ಇಪ್ಪತ್ತೂ ಆಗಲಿಲ್ಲ. ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ಇಷ್ಟು ವರ್ಷ ಏನು ಮಾಡುತ್ತಿದ್ದೆ ನಾನು?

ಅವ್ವನಿಗೆ ಮಾತ್ರ ಅನುಮಾನ. ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇಷ್ಟು ಸೋವಿ ಗುಳಿಗಿ ಕೆಲಸಾ ಮಾಡ್ತದೇನು?"

ಈಗ ದಿನಾ ತಗೋತಾಳೆ, ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಹಳೇ ಪಟ್ಟಿಯನ್ನು ಮಾತ್ರ ಎಸೆದಿಲ್ಲ. ಹೋಳಿಗೆ ತಿಂದ ದಿನಕ್ಕೆ ಇರಲಿ ಅಂತ ಎತ್ತಿಟ್ಟಿದ್ದಾಳಂತೆ.