ನನ್ನ ಮೊದಲ ಬಿಸಿಡಿ

ಮಡಿಕೇರಿಯಲ್ಲಿ ಬೆಳಗಿನಿಂದ ಬಿಡದ ಮಳೆ. ನಾನು ಕನ್ನಡಿ ಮುಂದೆ ಹೊಸ ಬಿಸಿಡಿ ಹಾಕಿ ನಿಂತಿದ್ದೇನೆ. ಗಾಳಿ ತುಂಬಿ, ಬಿಟ್ಟು, ನೀರಲ್ಲಿ ತೇಲುವ ಹದ ಹಿಡಿಯುವ ಸ್ಕೂಬಾ ಜಾಕೆಟ್ ಇದು. ಮುಂದಿನ ಡೈವ್ ನೇತ್ರಾಣಿ ದ್ವೀಪದಲ್ಲಿ.

ಬೆನ್ನಿಗೆ ಮಾತ್ರ ಗಾಳಿ ತುಂಬುವ ಮಾದರಿ ನೋಡಿ ಆಸೆಯಾಗಿತ್ತು. ನೀರೊಳಗೆ ಮೈ ಅಡ್ಡಕ್ಕೆ ಚೆನ್ನಾಗಿ ನಿಲ್ಲುತ್ತದೆ, ನಿಜ. ಆದರೆ ಮೇಲೆ ಬಂದಾಗ ಮುಖ ಮುಂದಕ್ಕೆ ವಾಲಬಹುದು. ಹೊಸಬಳಾದ ನನಗೆ ಪಕ್ಕಗಳಲ್ಲೂ ಗಾಳಿ ತುಂಬುವ ಜಾಕೆಟ್ ಮಾದರಿಯೇ ಧೈರ್ಯ ಕೊಟ್ಟಿತು. ಬಣ್ಣಕ್ಕಿಂತ ಅಳತೆ ಮುಖ್ಯ. ಡೈವಿಂಗ್ ಉಡುಪಾದ ವೆಟ್‌ಸೂಟ್ ಮೇಲೆ ಹಾಕಿ ಪೂರ್ತಿ ಗಾಳಿ ತುಂಬಿದೆ. ಎದೆ ಒತ್ತಲಿಲ್ಲ, ಕತ್ತಿನತ್ತ ಜಾರಲಿಲ್ಲ.

"ಇದು ನಿನ್ನನ್ನು ಎತ್ತುತ್ತಾ?" ಅಂದರು ಅವ್ವ. ಕಾವೇರಿ ಉಕ್ಕಿದಾಗ ದಡದಿಂದ ದೂರ ನಿಲ್ಲು ಎಂದು ಕಲಿಸಿದವರು ಅವರೇ ಅಲ್ವಾ? ಪಟ್ಟಿ ಎಳೆದು ಬಿಗಿ ಮಾಡಿದ್ದೂ ಅವರೇ.